ರೋಗಿಯ ಕಣ್ಣಿಗೊಂದು ಮರ

ಆಸ್ಪತ್ರೆಯನ್ನು ಕಟ್ಟುವವರು ನಿಂತು ನೋಡುತ್ತಾರೆ. ರೋಗಿಯಾದರೋ ಮಲಗಿ ನೋಡುತ್ತಾನೆ. ಈ ಭೇದವನ್ನು ಮನಗಂಡವರಲ್ಲಿ ಫಿನ್ಲೆಂಡಿನ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ಒಬ್ಬರು. ಪೈಮಿಯೊ ಎಂಬಲ್ಲಿ ಪೈನ್ ಮರಗಳ ಕಾಡಿನ ನಡುವೆ 1933ರಲ್ಲಿ ಪೂರ್ಣಗೊಂಡ ಕ್ಷಯರೋಗಿಗಳ ಆರೋಗ್ಯಧಾಮದಲ್ಲಿ ಅವರು ಕೊಠಡಿಯ ಒಳಛಾವಣಿಗೆ ಕಣ್ಣು ಕುಕ್ಕದ ಹಸಿರು ಬಣ್ಣವನ್ನು ಬಳಿಸಿದರು. ದೀಪದ ಪ್ರಖರತೆ ಮಲಗಿದವರ ಕಣ್ಣಿಗೆ ತಾಗದಂತೆ, ಕೈತೊಳೆಯುವಾಗ ಬೀಳುವ ನೀರು ಸದ್ದು ಮಾಡದಂತೆ ಎಚ್ಚರ ವಹಿಸಿದರು.

ಕಣ್ಣಿಗೆ ಕಾಣುವುದರ ಪರಿಣಾಮವನ್ನು ಅಳೆದು ನೋಡಿದ್ದೂ ಉಂಟು. ಅಮೆರಿಕದ ಪೆನ್ಸಿಲ್ವೇನಿಯದ ಆಸ್ಪತ್ರೆಯೊಂದರಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದ 46 ರೋಗಿಗಳ ದಾಖಲೆಗಳನ್ನು ರೋಜರ್ ಉಲ್ರಿಚ್ ಪರಿಶೀಲಿಸಿ, ಫಲಿತಾಂಶವನ್ನು 1984ರಲ್ಲಿ ಪ್ರಕಟಿಸಿದರು. ಕಿಟಕಿಯಿಂದ ಮರಗಳನ್ನು ಕಂಡ 23 ಮಂದಿ, ಇಟ್ಟಿಗೆಯ ಗೋಡೆಯನ್ನೇ ಕಂಡ 23 ಮಂದಿಗಿಂತ ಬೇಗನೆ ಮನೆಗೆ ಮರಳಿದ್ದರು. ಅವರಿಗೆ ತೀವ್ರವಾದ ನೋವುಶಾಮಕಗಳೂ ಕಡಿಮೆ ಬೇಕಾಗಿದ್ದವು.

ಸಂಖ್ಯೆ ಅಲ್ಪವಾದರೂ ಪಾಠ ದೊಡ್ಡದು. ಹಸಿರು ಔಷಧಿಗೆ ಬದಲಿಯಲ್ಲ, ನಿಜ. ಆದರೆ ಹಣ ಸಾಲದೆಂದು ನಕ್ಷೆಯಿಂದ ಮೊದಲು ಅಳಿಸಿಹಾಕುವುದು ಕಿಟಕಿಯನ್ನೂ ಅಂಗಳದ ಮರವನ್ನೂ ಆದರೆ, ಅದು ಉಳಿತಾಯವೆನಿಸದು. ನಕ್ಷೆಗೆ ಒಪ್ಪಿಗೆ ನೀಡುವವರು ಒಮ್ಮೆ ರೋಗಿಯ ಹಾಸಿಗೆಯಲ್ಲಿ ಮಲಗಿದಂತೆ ಭಾವಿಸಿ ನೋಡಲಿ. ಅಲ್ಲಿಂದ ಒಂದು ಮರ ಕಂಡೀತೆ ಎಂಬುದೂ ಚಿಕಿತ್ಸೆಗೆ ಸೇರಿದ ಪ್ರಶ್ನೆಯೇ.