ಚಿಪ್ ಸತ್ತಿಲ್ಲ, ಮಾತು ನಿಂತಿದೆ

"ಅಪ್ಪ, ಬೋರ್ಡು ಸುಟ್ಟುಹೋಗಿದೆ. ಬೆಳಿಗ್ಗೆ ಅಂಗಡಿ ತೆಗೆಯೋ ಹೊತ್ತಿಗೇ ಎಸ್.ಪಿ. ರೋಡಿಗೆ ಹೋಗಿ ಬೇರೆ ತರಬೇಕು."

ನಾಳೆ ಪ್ರಾಜೆಕ್ಟ್ ತೋರಿಸಬೇಕು ಎನ್ನುವ ರಾತ್ರಿ ಬಸವನಗುಡಿಯ ಮನೆಗಳಲ್ಲಿ ಈ ಮಾತು ಅಪರೂಪವಲ್ಲ. ಬುಲ್ ಟೆಂಪಲ್ ರಸ್ತೆಯಲ್ಲಿ 1946ರಲ್ಲೇ ಆರಂಭವಾದ ಬಿ.ಎಂ.ಎಸ್. ಇಂಜಿನಿಯರಿಂಗ್ ಕಾಲೇಜಿದೆ, ಬಿಡಿಭಾಗಗಳು ಸಿಗುವ ಎಸ್.ಪಿ. ರಸ್ತೆಯೂ ದೂರವಿಲ್ಲ. ಹಾಗಾಗಿ ಬೋರ್ಡು ಕೈಕೊಟ್ಟರೆ ಹೊಸದು ತರುವುದೇ ಸುಲಭ ಎನಿಸುತ್ತದೆ. ಬೆಲೆಯೂ ದೊಡ್ಡದಲ್ಲ. ಆದರೆ ಹೊಸ ಬೋರ್ಡಿಗೆ ಅದೇ ಪ್ರೋಗ್ರಾಂ ತುಂಬಿದರೆ ಅದೂ ಮೊದಲಿನದರಂತೆಯೇ ಮೂಕವಾಗಬಹುದು. ಎರಡು ಬೋರ್ಡು ಕಳೆದುಕೊಂಡ ಹುಡುಗ ತನಗೆ ಎಲೆಕ್ಟ್ರಾನಿಕ್ಸ್ ಒಗ್ಗುವುದಿಲ್ಲವೆಂದು ತೀರ್ಮಾನಿಸಿಬಿಟ್ಟರೆ ಆ ನಷ್ಟವನ್ನು ಯಾವ ಅಂಗಡಿಯೂ ತುಂಬಿಕೊಡದು.

ಈ ಹುಡುಗನ ಬೋರ್ಡಿನಲ್ಲಿದ್ದದ್ದು ಎಸ್‌ಟಿಎಂ32ಎಫ್103 ಎಂಬ ಮೈಕ್ರೊಕಂಟ್ರೋಲರ್. ವಿದ್ಯಾರ್ಥಿಗಳ ಬಾಯಲ್ಲಿ ಈ ಬೋರ್ಡಿಗೆ 'ಬ್ಲೂ ಪಿಲ್' ಎಂದು ಹೆಸರು. ಬರೆದ ಪ್ರೋಗ್ರಾಂ ಉಳಿಯುವುದು ಚಿಪ್ಪಿನ ಒಳಗಿರುವ 64 ಕಿಲೋಬೈಟಿನ ಫ್ಲ್ಯಾಶ್ ಸ್ಮೃತಿಯಲ್ಲಿ. ಕಂಪ್ಯೂಟರಿಗೂ ಚಿಪ್ಪಿಗೂ ನಡುವೆ ದುಭಾಷಿಯಂತೆ ನಿಲ್ಲುವ ಪುಟ್ಟ ಸಾಧನವೇ ಡಿಬಗರ್. ಅದರಿಂದ ಬೋರ್ಡಿಗೆ ನಾಲ್ಕು ತಂತಿ: 3.3 ವೋಲ್ಟ್, ಗ್ರೌಂಡ್, ದತ್ತಾಂಶ, ಗಡಿಯಾರ.

ಮೂವತ್ತು ನಲವತ್ತು ವರ್ಷಗಳ ಹಿಂದೆ ಓದಿದ ತಂದೆತಾಯಂದಿರಿಗೆ ನೆನಪಿರಬಹುದು: ಆಗಿನ ಚಿಪ್ಪುಗಳಿಗೆ ಗಾಜಿನ ಕಿಟಕಿ ಇರುತ್ತಿತ್ತು. ಹಳೆಯ ಪ್ರೋಗ್ರಾಂ ಅಳಿಸಲು ಅತಿನೇರಳೆ ದೀಪದ ಕೆಳಗೆ ಚಿಪ್ಪನ್ನು ಹಲವು ನಿಮಿಷ ಇಡಬೇಕಾಗಿತ್ತು. 1984ರಲ್ಲಿ ತೋಷಿಬಾದ ಫುಜಿಯೊ ಮಸುವೊಕ ಫ್ಲ್ಯಾಶ್ ಸ್ಮೃತಿಯನ್ನು ಜಗತ್ತಿನ ಮುಂದಿಟ್ಟರು. 1993ರಲ್ಲಿ ಅಟ್ಮೆಲ್ ಕಂಪನಿ 8051 ಕುಟುಂಬದ ಚಿಪ್ಪಿಗೆ ಅದನ್ನು ಸೇರಿಸಿತು. ಕಿಟಕಿ ಮಾಯವಾಯಿತು, ಅಳಿಸುವುದೂ ಬರೆಯುವುದೂ ತಂತಿಯ ಮೂಲಕವೇ ನಡೆಯತೊಡಗಿತು. ಸುಖವೇ ಸರಿ. ಆದರೆ ತಂತಿಯ ಮಾತು ನಿಂತರೆ ಅಳಿಸುವ ದಾರಿಯೂ ಮುಚ್ಚಿದಂತೆ ಕಾಣುತ್ತದೆ.

"ಇದು ಮೊದಲಿನಿಂದಲೂ ಹೀಗೇ ಇತ್ತೇನೋ?" ಎಂದು ಅಪ್ಪ ಕೇಳಿದರು.

"ಇಲ್ಲಪ್ಪ, ಸಾಯಂಕಾಲ ಒಂದು ಸಲ ಸರಿಯಾಗಿ ಪ್ರೋಗ್ರಾಂ ಹೋಯ್ತು. ಎಲ್‌ಇಡಿ ಮಿನುಗ್ತಿತ್ತು, ಈಗಲೂ ಮಿನುಗ್ತಿದೆ. ಎರಡನೇ ಸಲ ಬರೆಯೋಕೆ ಹೋದ್ರೆ ಚಿಪ್ ಸಿಗ್ತಿಲ್ಲ ಅನ್ನತ್ತೆ."

ರೋಗನಿದಾನದ ಅರ್ಧಭಾಗ ಈ ಉತ್ತರದಲ್ಲೇ ಇದೆ. ಎಲ್‌ಇಡಿ ಮಿನುಗುತ್ತಿದೆ ಎಂದರೆ ಚಿಪ್ ಜೀವಂತವಾಗಿದೆ. ಒಮ್ಮೆಯೂ ಮಾತಾಡದ ಬೋರ್ಡಾಗಿದ್ದರೆ ಅನುಮಾನ ಮೊದಲು ತಂತಿಗಳ ಮೇಲೆ ಹೋಗಬೇಕು. ಮಲ್ಟಿಮೀಟರ್ ಹಿಡಿದು ಬೋರ್ಡಿನ ಮೇಲೆಯೇ ವೋಲ್ಟೇಜ್ ನೋಡಬೇಕು. ಈ ಚಿಪ್ಪಿಗೆ 2ರಿಂದ 3.6 ವೋಲ್ಟ್ ಬೇಕು. ಗ್ರೌಂಡ್ ತಂತಿ ಬಿಟ್ಟುಹೋಗಿದೆಯೇ? ಡಿಬಗರಿನ ಪಿನ್‌ಗಳ ಕ್ರಮ ಒಂದೊಂದು ತಯಾರಿಕೆಯಲ್ಲಿ ಒಂದೊಂದು ಥರ ಇರುವುದರಿಂದ ಗೆಳೆಯನ ಚಿತ್ರ ನೋಡಿ ಜೋಡಿಸಿದರೆ ಮೋಸಹೋಗುತ್ತೀರಿ. ತಂತಿ ಉದ್ದವಾಗಿದ್ದು ಸಂಪರ್ಕ ಬಂದು ಬಂದು ಹೋಗುತ್ತಿದ್ದರೆ ವೇಗವನ್ನು 4 ಮೆಗಾಹರ್ಟ್ಸ್‌ನಿಂದ 480 ಕಿಲೋಹರ್ಟ್ಸ್‌ಗೆ ಇಳಿಸಿ ನೋಡುವುದು ಒಳ್ಳೆಯದು.

ಇಲ್ಲಿ ತಂತಿಗಳು ಬದಲಾಗಿರಲಿಲ್ಲ. ಬದಲಾಗಿದ್ದು ಪ್ರೋಗ್ರಾಂ ಒಂದೇ. ಈ ಚಿಪ್ಪಿನಲ್ಲಿ ಡಿಬಗರ್ ಮಾತಾಡುವುದು ಪಿಎ13, ಪಿಎ14 ಎಂಬ ಎರಡು ಪಿನ್‌ಗಳ ಮೂಲಕ. ಇವು ಡಿಬಗರಿಗೇ ಮೀಸಲಲ್ಲ. ಪ್ರೋಗ್ರಾಂ ಇವನ್ನು ಬೇರೆ ಕೆಲಸಕ್ಕೂ ಕಿತ್ತುಕೊಳ್ಳಬಹುದು. ಹುಡುಗ ಬಳಸಿದ್ದ ಕ್ಯೂಬ್‌ಎಂಎಕ್ಸ್ ತಂತ್ರಾಂಶದಲ್ಲಿ 'ಡಿಬಗ್' ಎಂಬ ಆಯ್ಕೆಯನ್ನು ಮುಟ್ಟದೆ ಬಿಟ್ಟರೆ, ಅದು ಬರೆದುಕೊಡುವ ಪ್ರೋಗ್ರಾಂ ಶುರುವಾಗುತ್ತಲೇ ಡಿಬಗರಿನ ದಾರಿಯನ್ನು ಮುಚ್ಚುತ್ತದೆ. ಮೊದಲ ಸಲ ಚಿಪ್ಪಿನಲ್ಲಿ ಆ ಪ್ರೋಗ್ರಾಂ ಇರಲಿಲ್ಲ, ಬರೆಯಲು ಆಯಿತು. ಎರಡನೆಯ ಸಲಕ್ಕೆ ಮೊದಲ ಸಲ ಬರೆದದ್ದೇ ಬಾಗಿಲು ಹಾಕಿಕೊಂಡು ಒಳಗೆ ಕುಳಿತಿತ್ತು!

ಹಾಗಾದರೆ ಆ ಪ್ರೋಗ್ರಾಂ ಏಳುವ ಮುನ್ನವೇ ಒಳಗೆ ಹೋಗಬೇಕು. ಡಿಬಗರಿನ ತಂತ್ರಾಂಶದಲ್ಲಿ 'ಕನೆಕ್ಟ್ ಅಂಡರ್ ರೀಸೆಟ್' ಎಂಬ ಆಯ್ಕೆ ಇರುವುದು ಇದಕ್ಕೇ. ಅದಕ್ಕೆ ಐದನೆಯದಾಗಿ ರೀಸೆಟ್ ತಂತಿ ಬೇಕು. ಅಗ್ಗದ ಡಿಬಗರುಗಳಲ್ಲಿ ಎಷ್ಟೋ ಸಲ ಆ ಪಿನ್ ಈ ಚಿಪ್ಪಿಗೆ ಕೆಲಸಕ್ಕೆ ಬಾರದು. ಆಗ ಬೋರ್ಡಿನ ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದು, 'ಕನೆಕ್ಟ್' ಒತ್ತಿದ ಕ್ಷಣ ಬೆರಳೆತ್ತಬೇಕು. ಇದಕ್ಕೆ ಕೈ ಪಳಗಬೇಕು, ನಾಲ್ಕೈದು ಸಲ ತಪ್ಪುವುದು ಸಹಜ. ಇದಕ್ಕಿಂತ ಖಚಿತವಾದ ದಾರಿ ಬೂಟ್0 ಎಂಬ ಜಂಪರ್. ಅದನ್ನು 1ರ ಕಡೆಗೆ ಸರಿಸಿ ರೀಸೆಟ್ ಮಾಡಿದರೆ ಚಿಪ್ ಬಳಕೆದಾರನ ಪ್ರೋಗ್ರಾಮನ್ನು ಬಿಟ್ಟು, ತಯಾರಕರು ಒಳಗೇ ಇಟ್ಟಿರುವ ಬೂಟ್‌ಲೋಡರನ್ನು ಓಡಿಸುತ್ತದೆ. ಅದು ಡಿಬಗರಿನ ಪಿನ್‌ಗಳನ್ನು ಮುಟ್ಟುವುದಿಲ್ಲ. ಆಗ ಫ್ಲ್ಯಾಶನ್ನು ಪೂರ್ತಿ ಅಳಿಸಬಹುದು. ಅಳಿಸಿದ ಫ್ಲ್ಯಾಶಿನಲ್ಲಿ ಪ್ರತಿ ಬಿಟ್ಟೂ 1 ಆಗಿರುತ್ತದೆ. ಬರೆಯುವುದೆಂದರೆ ಬೇಕಾದವನ್ನು 0 ಮಾಡುವುದು, ಅಷ್ಟೆ.

ಓದು-ರಕ್ಷಣೆಯ ಬೀಗ ಬಿದ್ದಿದ್ದರೂ ಬರೆಯಲಾಗದು. ಬೀಗ ತೆಗೆದರೆ ಒಳಗಿನದೆಲ್ಲ ಅಳಿಸಿಹೋಗುತ್ತದೆ, ಮೂಲ ಪ್ರತಿ ಕಂಪ್ಯೂಟರಿನಲ್ಲಿರಲಿ. ಇನ್ನು ಕೆಲವು ಬೋರ್ಡುಗಳಲ್ಲಿ ಚಿಪ್ಪೇ ಅಸಲಿಯಲ್ಲ. ಗುರುತಿನ ಸಂಖ್ಯೆ 1ರಿಂದ ಶುರುವಾಗಬೇಕಾದದ್ದು 2ರಿಂದ ಶುರುವಾಗುತ್ತದೆ, ತಂತ್ರಾಂಶ ಗುರುತು ಹಿಡಿಯದೆ ನಿಲ್ಲುತ್ತದೆ. "ಬರೆದು ಬರೆದು ಫ್ಲ್ಯಾಶ್ ಸವೆದಿರಬೇಕು" ಎನ್ನುವವರೂ ಇದ್ದಾರೆ. ತಯಾರಕರ ಪ್ರಕಾರ ಅದು ಹತ್ತು ಸಾವಿರ ಸಲ ತಾಳುತ್ತದೆ. ಒಂದು ಸೆಮಿಸ್ಟರಿನಲ್ಲಿ ಅಷ್ಟು ಶ್ರಮಪಡುವ ವಿದ್ಯಾರ್ಥಿ ಸಿಕ್ಕರೆ ಸನ್ಮಾನ ಮಾಡಬೇಕು.

ಹುಡುಗ ಜಂಪರ್ ಸರಿಸಿದ, ಅಳಿಸಿದ, 'ಡಿಬಗ್' ಆಯ್ಕೆಯಲ್ಲಿ 'ಸೀರಿಯಲ್ ವೈರ್' ಎಂದು ಆರಿಸಿ ಪ್ರೋಗ್ರಾಮನ್ನು ಮತ್ತೆ ಬರೆದ. ಬರವಣಿಗೆ ಯಶಸ್ವಿ ಎಂದು ತೆರೆ ಹೇಳಿತು. ರೀಸೆಟ್ ಒತ್ತಿದ, ಎಲ್‌ಇಡಿ ಮಾತ್ರ ಮಿನುಗಲಿಲ್ಲ. ಅವನ ಮುಖ ಮತ್ತೆ ಇಳಿಯಿತು.

"ಆ ಹಳದಿ ಜಂಪರ್ ಇನ್ನೂ ಒಂದರ ಕಡೆಗೇ ಇದೆಯಲ್ಲೋ" ಎಂದರು ಅಪ್ಪ.