ಬೀಗ ಬಿದ್ದ ಶಾಲೆಯ ಕೀಲಿಕೈ ಯಾರಲ್ಲಿದೆ?

ಏಪ್ರಿಲ್ ಎರಡನೆಯ ವಾರದಲ್ಲಿ ಸರ್ಕಾರಿ ಶಾಲೆಗಳ ಗೇಟಿಗೆ ಬೀಳುವ ಬೀಗ ತೆರೆಯುವುದು ಮೇ ತಿಂಗಳ ಕೊನೆಗೆ. ಈ ನಡುವಿನ ಆರೇಳು ವಾರಗಳಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ಪಟ್ಟಣಗಳ ಶಾಲೆಗಳ ಸ್ಥಿತಿ ಏನಾಗುತ್ತದೆ ಎಂಬುದನ್ನು ನಾವು ಎಂದಾದರೂ ವಿಚಾರಿಸಿದ್ದೇವೆಯೇ? ಈ ಭಾಗದಲ್ಲಿ ಮುಂಗಾರಿಗೆ ಮುನ್ನವೇ ಬಿರುಗಾಳಿಯೊಂದಿಗೆ ಮಳೆ ಸುರಿಯುತ್ತದೆ. ತೆಂಗಿನ ಗರಿ ಬಿದ್ದು ಹೆಂಚು ಒಡೆಯುತ್ತದೆ. ತಾರಸಿಯ ಮೇಲೆ ಕೊಳೆತ ಎಲೆಗಳು ನೀರಿನ ಕೊಳವೆಯನ್ನು ಮುಚ್ಚಿ, ನಿಂತ ನೀರು ಗೋಡೆಗಿಳಿಯುತ್ತದೆ. ತೊಟ್ಟಿಯಲ್ಲಿ ಉಳಿದ ನೀರು ಪಾಚಿಗಟ್ಟುತ್ತದೆ. ಬಿಸಿಯೂಟದ ಕೋಣೆ ಇಲಿ-ಹೆಗ್ಗಣಗಳ ಪಾಲಾಗುತ್ತದೆ. ಶಾಲೆ ತೆರೆದ ದಿನ ಇವೆಲ್ಲವನ್ನೂ ಮೊದಲು ಎದುರಿಸುವವರು ಪೊರಕೆ ಹಿಡಿದ ಮಕ್ಕಳು.

ಕಟ್ಟಡದ ದುರಸ್ತಿಯನ್ನು ಸುಣ್ಣಬಣ್ಣದ ವಿಚಾರವೆಂದಷ್ಟೇ ತಿಳಿದರೆ ನಾವು ತಪ್ಪುತ್ತೇವೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನಲ್ಲಿ ಶಾಲೆಯ ಅಡುಗೆಮನೆಯಿಂದ ಗರಿಯ ಛಾವಣಿಗೆ ಹಬ್ಬಿದ ಬೆಂಕಿಗೆ 94 ಮಕ್ಕಳು ಬಲಿಯಾದರು. ಸುರಕ್ಷಿತ ಶಾಲೆಯೂ ಶಿಕ್ಷಣದ ಹಕ್ಕಿನ ಭಾಗವೇ ಎಂದು ಸುಪ್ರೀಮ್ ಕೋರ್ಟು 2009ರಲ್ಲಿ ಸ್ಪಷ್ಟಪಡಿಸಿತು. ಆದರೂ 2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿಯಲ್ಲಿ ಸರ್ಕಾರಿ ಶಾಲೆಯ ಕಟ್ಟಡ ಕುಸಿದು ಏಳು ಮಕ್ಕಳು ಪ್ರಾಣ ಕಳೆದುಕೊಂಡರು. ಅದು ಮಳೆಗಾಲದ ದುರಂತ. ಇಂತಹ ದುರಂತವನ್ನು ತಡೆಯಬಹುದಾದ ಕಾಲವೆಂದರೆ ಅದಕ್ಕೆ ಮುಂಚಿನ ಬೇಸಿಗೆ.

ಬೇಸಿಗೆಯಲ್ಲಿ ಕೆಲಸವಾಗುವುದಿಲ್ಲ ಎಂಬ ಸಬೂಬನ್ನೂ ಒಪ್ಪಲಾಗದು. 2023ರ ಮೇ 10ರಂದು ವಿಧಾನಸಭೆಗೆ, 2024ರ ಏಪ್ರಿಲ್ 26ರಂದು ಮಂಡ್ಯ ಲೋಕಸಭಾ ಕ್ಷೇತ್ರಕ್ಕೆ ಮತದಾನ ನಡೆದದ್ದು ಬೇಸಿಗೆ ರಜೆಯಲ್ಲೇ. ಮತಗಟ್ಟೆಗಳು ಹೆಚ್ಚಾಗಿ ಇರುವುದೂ ಶಾಲೆಗಳಲ್ಲೇ. ಅಲ್ಲಿ ಕುಡಿಯುವ ನೀರು, ವಿದ್ಯುತ್, ಶೌಚಾಲಯ, ಇಳಿಜಾರು ಹಾದಿ ಇರಬೇಕೆಂದು ಚುನಾವಣಾ ಆಯೋಗ ವಿಧಿಸಿದೆ. ಅಧಿಕಾರಿಗಳು ಅದನ್ನು ಮುಂಚಿತವಾಗಿ ಪರಿಶೀಲಿಸುತ್ತಾರೆ. ಒಂದು ದಿನ ಬಂದು ಹೋಗುವ ಮತದಾರನಿಗೆ ಸಲ್ಲುವ ಈ ಕಾಳಜಿ, ವರ್ಷವಿಡೀ ಅಲ್ಲೇ ಕೂರುವ ಮಗುವಿಗೆ ಏಕೆ ಸಲ್ಲಬಾರದು?

ಹಿರಿಯರು ಕೈಬಿಟ್ಟ ಕೆಲಸ ಮಕ್ಕಳ ಹೆಗಲಿಗೆ ಬೀಳುತ್ತದೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ಸುದ್ದಿ ನಾಡನ್ನೇ ತಲೆತಗ್ಗಿಸುವಂತೆ ಮಾಡಿತು. ಬಂಧನ, ಅಮಾನತುಗಳೂ ನಡೆದವು. ತನ್ನ ಮೇಜನ್ನು ತಾನೇ ಒರೆಸುವುದು ಮಗುವಿಗೆ ಶಿಸ್ತು. ಶೌಚಾಲಯ ತೊಳೆಯುವುದು, ತೊಟ್ಟಿಗೆ ಇಳಿಯುವುದು ಶಿಸ್ತಲ್ಲ, ಶೋಷಣೆ.

ಹಾಗಾದರೆ ಹೊಣೆ ಯಾರದು? ಸರ್ಕಾರದ್ದೆಂಬುದು ನಿಜ. ಆದರೆ ಕಾನೂನು ನಮ್ಮನ್ನೂ ಬಿಟ್ಟಿಲ್ಲ. ಕರ್ನಾಟಕದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು 2001ರಲ್ಲೇ ರೂಪುಗೊಂಡವು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂತಹ ಸಮಿತಿಯ ನಾಲ್ಕರಲ್ಲಿ ಮೂರು ಭಾಗ ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಮಳೆ-ಬಿಸಿಲಿಗೆ ಜಗ್ಗದ ಕಟ್ಟಡ, ಶುದ್ಧ ನೀರು, ಗಂಡು-ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ ಅದೇ ಕಾಯ್ದೆಯ ಷರತ್ತುಗಳು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಮಕ್ಕಳ ಸಂಖ್ಯೆಗೆ ತಕ್ಕಂತೆ ಶಾಲೆಗೆ ಬರುವ ಅನುದಾನದಲ್ಲಿ ಕನಿಷ್ಠ ಶೇ. 10ರಷ್ಟು ಸ್ವಚ್ಛತೆಗೆ ಮೀಸಲು. ಆ ಹಣ ಎಷ್ಟು ಬಂತು, ಹೇಗೆ ಖರ್ಚಾಯಿತು ಎಂದು ಕೇಳುವುದು ಸಮಿತಿಯಲ್ಲಿರುವ ತಂದೆ-ತಾಯಿಯ ಹಕ್ಕು. ಆದರೆ ನಮ್ಮಲ್ಲಿ ಎಷ್ಟು ಮಂದಿ ಆ ಸಭೆಗಳಿಗೆ ಹೋಗುತ್ತೇವೆ?

ಇಲ್ಲಿ ಸಮುದಾಯವು ತನ್ನನ್ನೇ ಪ್ರಶ್ನಿಸಿಕೊಳ್ಳಬೇಕಾಗಿದೆ. ರಮಝಾನ್ ಸಮೀಪಿಸುತ್ತಿದ್ದಂತೆ ನಾವು ಮಸೀದಿಗೆ ಬಣ್ಣ ಬಳಿಯುತ್ತೇವೆ, ವುಝೂವಿನ ಹೌಝ್ ತೊಳೆಯುತ್ತೇವೆ, ಚಾಪೆ ಕೊಡವುತ್ತೇವೆ. ಯಾರೂ ಆದೇಶಿಸಬೇಕಿಲ್ಲ. ಅದೇ ಬೀದಿಯ ಉರ್ದು ಶಾಲೆಯ ಮಾಡು ಸೋರಿದರೆ ಮಾತ್ರ ಅದು ಸರ್ಕಾರದ ವಿಚಾರವಾಗುತ್ತದೆ. ಉರ್ದು ಶಾಲೆಗಳಲ್ಲಿ ಮಕ್ಕಳಿಲ್ಲ ಎಂದು ಮರುಗುವ ನಾವು, ಮಗಳನ್ನು ಸೇರಿಸಲು ಬಂದ ತಾಯಿ ಬಾಗಿಲಿಲ್ಲದ ಶೌಚಾಲಯ ಕಂಡು ಹಿಂದಿರುಗುವುದನ್ನು ಗಮನಿಸುವುದಿಲ್ಲ. ಶೌಚಾಲಯಕ್ಕೆ ಹೋಗಬೇಕಾದೀತೆಂದು ದಿನವಿಡೀ ನೀರು ಕುಡಿಯದೆ ಕೂರುವ ಬಾಲಕಿಗೆ ನಮ್ಮ ಶೈಕ್ಷಣಿಕ ಭಾಷಣಗಳಿಂದ ಏನು ಪ್ರಯೋಜನ?

ಮಾಡಬೇಕಾದದ್ದು ಬಹಳವೇನಿಲ್ಲ. ರಜೆಯ ಮೊದಲ ವಾರದಲ್ಲೇ ಮುಖ್ಯೋಪಾಧ್ಯಾಯರೊಂದಿಗೆ ಸಮಿತಿಯ ಸದಸ್ಯರು ಕಟ್ಟಡವನ್ನು ಸುತ್ತಿ ಪಟ್ಟಿ ಮಾಡಲಿ. ಬಿರುಕು ಬಿಟ್ಟ ಗೋಡೆ, ಜೋತುಬಿದ್ದ ತೊಲೆ, ತೆರೆದ ವಿದ್ಯುತ್ ತಂತಿಗಳ ಬಗ್ಗೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಲಿ. ಎಂಜಿನಿಯರ್ ನೋಡುವವರೆಗೆ ಆ ಕೋಣೆಗೆ ಬೀಗವಿರಲಿ. ಹೆಂಚು, ಕೊಳವೆ, ಚಿಲಕದ ಕೆಲಸಕ್ಕೆ ಜಮಾಅತ್‌ನಲ್ಲಿರುವ ಬಡಗಿ, ಗಾರೆ ಕೆಲಸದವರು, ಪ್ಲಂಬರ್‌ಗಳು ಒಂದೊಂದು ದಿನ ನೀಡಲಿ. ಶೌಚಾಲಯ ಮತ್ತು ತೊಟ್ಟಿಯ ಶುಚಿತ್ವವನ್ನು ತಕ್ಕ ಕೂಲಿ ಕೊಟ್ಟು ವಯಸ್ಕರಿಂದ, ಶಾಲೆ ತೆರೆಯುವ ವಾರದಲ್ಲಿ ಮಾಡಿಸಲಿ. ಆ ಶಾಲೆ ಉರ್ದುವಿನದ್ದೋ ಕನ್ನಡದ್ದೋ ಎಂದು ನೋಡಬೇಕಿಲ್ಲ. ನಮ್ಮ ಮಕ್ಕಳು ಎರಡರಲ್ಲೂ ಇದ್ದಾರೆ, ನೆರೆಮನೆಯವರ ಮಕ್ಕಳೂ ಇದ್ದಾರೆ.

ಶಾಲೆಗೆ ಬೀಗ ಬೀಳುವ ದಿನ ನಾವು ಫಲಿತಾಂಶ ಕೇಳಿ ಮನೆಗೆ ಮರಳುತ್ತೇವೆ. ಈ ಬಾರಿ ಇನ್ನೊಂದು ಪ್ರಶ್ನೆಯನ್ನೂ ಕೇಳಿ ಬರೋಣ: ರಜೆಯಲ್ಲಿ ಕೀಲಿಕೈ ಯಾರಲ್ಲಿರುತ್ತದೆ, ನಾವು ಯಾವ ದಿನ ಬರಬೇಕು?