ಕರೆಂಟ್ ಹೋದ್ರೆ ಬಿಲ್ಡ್ ಯಾಕ್ರೀ ಸಾಯ್ಬೇಕು?

ಸಿರುಗುಪ್ಪದಲ್ಲಿ ಕರೆಂಟ್ ಹೋದ್ರೆ ಬೆಂಗಳೂರಿನ ಸರ್ವರ್ ಆಫ್ ಆಗುತ್ತಾ? ಇಲ್ಲ ತಾನೆ? ಹಾಗಿದ್ರೆ ಆ ಸರ್ವರ್ ಮೇಲೆ ಮೂರು ತಾಸಿಂದ ನಡೀತಿದ್ದ ಬಿಲ್ಡ್ ಯಾಕೆ ಸಾಯ್ಬೇಕು?

ಈ ಪ್ರಶ್ನೆಗೆ ನಮ್ಮ ಸಾಫ್ಟ್‌ವೇರ್ ಮಂದಿ ಕೊಡೋ ಉತ್ತರ ಕೇಳಿ ಕೇಳಿ ಸಾಕಾಗಿದೆ. "ನಿಮ್ಮ ಕಡೆ ಕರೆಂಟ್ ಸರಿ ಇಲ್ಲ, ನೆಟ್ ಸರಿ ಇಲ್ಲ, ಬೆಂಗಳೂರಿಗೆ ಬಂದ್ಬಿಡಿ." ಮುಗೀತು. ಈ ಉತ್ತರ ತಪ್ಪು ಅಂತ ಹೇಳೋದಕ್ಕೇ ಈ ಪೋಸ್ಟು. ಬಿಲ್ಡ್ ಸಾಯ್ತಿರೋದು ನಮ್ಮೂರಿನಿಂದ ಅಲ್ಲ, ಅದನ್ನ ಶುರು ಮಾಡೋ ರೀತಿಯಿಂದ. ಅದಕ್ಕೆ ಔಷಧಿ ಹಲವು ದಶಕಗಳಿಂದ ಇದೆ, ಪುಕ್ಕಟೆ ಇದೆ, ಕಲಿಯೋಕೆ ಹತ್ತು ನಿಮಿಷ ಸಾಕು.

ಕಂಪ್ಯೂಟರ್ ಕೆಲಸ ಅಲ್ಲದ ಓದುಗರಿಗೆ ಒಂದು ಮಾತು. ಬಿಲ್ಡ್ ಅಂದ್ರೆ ಪ್ರೋಗ್ರಾಮರುಗಳು ಬರೆದ ಸಾವಿರಾರು ಫೈಲುಗಳನ್ನ ಮಷೀನಿಗೆ ಅರ್ಥ ಆಗೋ ಹಾಗೆ ಮಾಡಿ ಒಂದು ಸಾಫ್ಟ್‌ವೇರ್ ಕಟ್ಟೋದು. ದೊಡ್ಡ ಸಾಫ್ಟ್‌ವೇರ್ ಆದ್ರೆ ತಾಸುಗಟ್ಟಲೆ ಹಿಡಿಯುತ್ತೆ. ಇಡೀ ಆಂಡ್ರಾಯ್ಡ್ ಬಿಲ್ಡ್ ಮಾಡೋಕೆ 72 ಕೋರ್, 64 ಜಿಬಿ ರ್‍ಯಾಮ್ ಇರೋ ಮಷೀನಲ್ಲೇ ಸುಮಾರು 40 ನಿಮಿಷ ಬೇಕು ಅಂತ ಗೂಗಲ್‌ನವರೇ ಹೇಳಿದಾರೆ. ಅಂಥ ಮಷೀನು ಯಾರ ಮನೇಲಿರುತ್ತೆ? ಹಾಗಾಗಿ ಮನೆ ಲ್ಯಾಪ್‌ಟಾಪಿಂದ ಎಸ್‌ಎಸ್‌ಎಚ್ ಮೂಲಕ ದೂರದ ಸರ್ವರ್‌ಗೆ ಲಾಗಿನ್ ಆಗಿ, ಅಲ್ಲಿ ಬಿಲ್ಡ್ ಓಡಿಸ್ತೀವಿ. 2020ರ ಲಾಕ್‌ಡೌನ್ ಆದಾಗಿನಿಂದ ಬಳ್ಳಾರಿ ಜಿಲ್ಲೆಯ ಎಷ್ಟೋ ಹುಡುಗ ಹುಡುಗಿಯರ ಹೊಟ್ಟೆಪಾಡು ಇದೇ. ನಂದೂ ಅದೇ.

ಈಗ ಸಾವು ಹೇಗೆ ಆಗುತ್ತೆ ನೋಡಿ. ಲಾಗಿನ್ ಆದ ಕೂಡ್ಲೇ ಸರ್ವರ್ ನಿಮಗೆ ಒಂದು ಟರ್ಮಿನಲ್ ಕೊಡುತ್ತೆ, ಅದರೊಳಗೆ ಒಂದು ಶೆಲ್. ಬಿಲ್ಡ್ ಹುಟ್ಟೋದು ಆ ಶೆಲ್‌ನ ಮಗುವಾಗಿ. ಇಲ್ಲಿ ಕರೆಂಟ್ ಹೋಯ್ತು, ರೂಟರ್ ಆಫ್ ಆಯ್ತು. ತಿರುಗಿ ಬಂದಾಗ ಬೇರೆ ಐಪಿ ಅಡ್ರೆಸ್ ಸಿಕ್ಕಿರುತ್ತೆ, ಇಲ್ಲಾ ನೀವು ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡ್ಕೊಂಡಿರ್ತೀರಿ. ಎರಡರಲ್ಲಿ ಯಾವುದಾದ್ರೂ ಹಳೇ ಕನೆಕ್ಷನ್ ಮತ್ತೆ ಕೂಡೋದಿಲ್ಲ. ಆ ಕಡೆ ಸರ್ವರ್ ಸ್ವಲ್ಪ ಹೊತ್ತು ಕಾಯುತ್ತೆ, ಕೊನೆಗೆ ಕೈಬಿಡುತ್ತೆ. ಟರ್ಮಿನಲ್ ಮುಚ್ಚಿದ ತಕ್ಷಣ ಶೆಲ್‌ಗೆ 'ಸಿಗ್‌ಹಪ್' ಅನ್ನೋ ಸಿಗ್ನಲ್ ಹೋಗುತ್ತೆ, ಶೆಲ್ ಅದನ್ನ ತನ್ನ ಮಕ್ಕಳಿಗೂ ದಾಟಿಸುತ್ತೆ. ಬೇರೆ ಏನೂ ಹೇಳಿಕೊಟ್ಟಿಲ್ಲದಿದ್ರೆ ಆ ಸಿಗ್ನಲ್ ಬಂದ ಪ್ರೋಗ್ರಾಂ ಸಾಯಬೇಕು, ಅದು ನಿಯಮ.

ಹಪ್ ಅಂದ್ರೆ ಹ್ಯಾಂಗಪ್, ಫೋನ್ ಕೆಳಗಿಡೋದು. ಮೋಡೆಮ್ ಹಾಕ್ಕೊಂಡು ಫೋನ್ ಲೈನ್ ಮೇಲೆ ಕೆಲಸ ಮಾಡ್ತಿದ್ದ ಕಾಲದ ರೂಢಿ ಅದು. ಫೋನ್ ಇಟ್ಟವನು ಮನೆಗೆ ಹೋದ ಅಂತ ಲೆಕ್ಕ. ನಾವು ಮನೆಗೆ ಹೋಗಿಲ್ಲ ಸ್ವಾಮೀ, ಮನೇಲೇ ಇದೀವಿ, ಕರೆಂಟ್ ಹೋಗಿದೆ ಅಷ್ಟೇ!

ಕುರುಗೋಡಿನಲ್ಲಿ ನನ್ನ ಚಿಕ್ಕಪ್ಪನ ಮಗಳು ಇದಾಳೆ. ಬೆಂಗಳೂರಿನ ಒಂದು ಕಂಪನಿಗೆ ಮನೆಯಿಂದಲೇ ಕೆಲಸ (ಕಂಪನಿ ಹೆಸರು ಬೇಡ). ಒಂದು ಬಿಲ್ಡ್‌ಗೆ ನಾಲ್ಕು ತಾಸು. ಬೇಸಿಗೆ ಮಧ್ಯಾಹ್ನ ಒಮ್ಮೆ ಕರೆಂಟ್ ಹೋದ್ರೆ ಮುಗೀತು, ಮತ್ತೆ ಮೊದಲಿಂದ. "ಅಣ್ಣಾ, ಮತ್ತ ಸತ್ತೋತು" ಅಂತ ವಾರಕ್ಕೆರಡು ಫೋನ್. ಆರು ತಿಂಗಳಾದ ಮೇಲೆ ಅವಳ ಮ್ಯಾನೇಜರ್ ಬರೆದದ್ದು ಒಂದೇ ಸಾಲು: ಊರಿನ ತೊಂದರೆಯಿಂದ ಕೆಲಸ ತಡ ಆಗ್ತಿದೆ, ಬೆಂಗಳೂರಿಗೆ ಬರಬೇಕು. ಪಿಜಿ ಬಾಡಿಗೆ, ಊಟ, ಓಡಾಟ ಕಳೆದ್ರೆ ಅವಳ ಸಂಬಳದಲ್ಲಿ ಮನೆಗೆ ಕಳಿಸೋಕೆ ಏನೂ ಉಳಿಯಲ್ಲ. ಊರಲ್ಲೇ ಇದ್ದು ದುಡೀತಾಳೆ ಅನ್ನೋ ಕಾರಣಕ್ಕೇ ಅವರ ಮನೇಲಿ ಮದುವೆ ಮಾತು ಸ್ವಲ್ಪ ಹಿಂದಕ್ಕೆ ಹೋಗಿದೆ. ಕೆಲಸ ಬಿಟ್ರೆ ಆ ಮಾತು ನಾಳೆನೇ ಮುಂದಕ್ಕೆ ಬರುತ್ತೆ. ಒಂದು ಸಿಗ್ನಲ್‌ಗೆ ಎಷ್ಟು ದೂರ ಕೈ ಇದೆ ನೋಡಿ.

ಆ ಆರು ತಿಂಗಳಲ್ಲಿ ಆ ಟೀಮಿನ ಸೀನಿಯರ್‌ಗಳಲ್ಲಿ ಒಬ್ಬರಾದ್ರೂ "ಅಮ್ಮಾ, ಟೀಮಕ್ಸ್ ಒಳಗೆ ಓಡಿಸು" ಅಂದ್ರಾ? ಇಲ್ಲ. ನನ್ನ ಸಿಟ್ಟು ಇಲ್ಲೇ ಇರೋದು.

ನಮ್ಮ ರೈತರನ್ನ ನೋಡಿ ಕಲೀಬೇಕು. ಸಿರುಗುಪ್ಪ ಕಡೆ ಭತ್ತಕ್ಕೆ ನೀರು ಬಿಡೋನು ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ ಅಂತ ರಾತ್ರಿಯಿಡೀ ಮೋಟರ್ ಪಕ್ಕ ಕೂರ್ತಾನಾ? ಆಟೋ ಸ್ಟಾರ್ಟರ್ ಹಾಕಿರ್ತಾನೆ. ಕರೆಂಟ್ ಬಂದ್ರೆ ಮೋಟರ್ ತಾನೇ ಎದ್ದು ಓಡುತ್ತೆ, ಅವನು ಮನೇಲಿ ನಿದ್ದೆ ಮಾಡ್ತಾನೆ. "ಕರೆಂಟ್ ಸರಿ ಇಲ್ಲ, ಹೊಲ ಬೆಂಗಳೂರಿಗೆ ತಗೊಂಡು ಹೋಗು" ಅಂತ ಅವನಿಗೆ ಯಾರೂ ಹೇಳಿಲ್ಲ. ನಮ್ಮ ಸ್ಥಿತಿ ಅವನಿಗಿಂತ ಸುಲಭ, ಯಾಕಂದ್ರೆ ನಮ್ಮ ಮೋಟರ್ ಇರೋ ಕಡೆ ಕರೆಂಟ್ ಹೋಗೋದೇ ಇಲ್ಲ!

ಆ ಸಲಕರಣೆಗಳ ವಯಸ್ಸು ಕೇಳಿ. 'ನೋಹಪ್' 1970ರ ದಶಕದ ಯುನಿಕ್ಸ್‌ನಲ್ಲೇ ಇತ್ತು. ಹೆಸರಲ್ಲೇ ಇದೆ, ಹಪ್ ಬೇಡ ಅಂತ. ಕಮಾಂಡಿನ ಮುಂದೆ ಅದನ್ನ ಹಾಕಿ, ಕೊನೆಗೆ ಆಂಪರ್‌ಸ್ಯಾಂಡ್ ಹಾಕಿದ್ರೆ ಬಿಲ್ಡ್ ಹಿಂದೆ ಓಡ್ತಿರುತ್ತೆ, ಸ್ಕ್ರೀನ್ ಮೇಲೆ ಬರಬೇಕಾದದ್ದೆಲ್ಲ ಒಂದು ಫೈಲಿಗೆ ಹೋಗುತ್ತೆ. (ಬರೀ ಆಂಪರ್‌ಸ್ಯಾಂಡ್ ಹಾಕಿದ್ರೆ ಸಾಕು ಅಂತ ತುಂಬಾ ಜನ ನಂಬಿದಾರೆ. ಸಾಲದು. ಲೈನ್ ಕಟ್ಟಾದಾಗ ಶೆಲ್ ಹಿಂದೆ ಓಡ್ತಿರೋ ಮಕ್ಕಳಿಗೂ ಹಪ್ ಕಳಿಸಬಹುದು.) 'ಸ್ಕ್ರೀನ್' ಅನ್ನೋದು 1987ರಲ್ಲಿ ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. 'ಟೀಮಕ್ಸ್' 2007ರದು. ಎಂಐಟಿಯ 'ಮಾಶ್' 2012ರದು, ಅದು ಐಪಿ ಅಡ್ರೆಸ್ ಬದಲಾದ್ರೂ ಕನೆಕ್ಷನ್ ಬಿಡಲ್ಲ. ನಾವು ದಿನಾ ಬಳಸೋ ಎಸ್‌ಎಸ್‌ಎಚ್ ಬಂದದ್ದೇ 1995ರಲ್ಲಿ. ಅಂದ್ರೆ ರೋಗಕ್ಕಿಂತ ಔಷಧಿಗೇ ವಯಸ್ಸು ಜಾಸ್ತಿ.

ಮಾಡಬೇಕಾದದ್ದು ಇಷ್ಟೇ. ಲಾಗಿನ್ ಆದ ಕೂಡ್ಲೇ ಟೀಮಕ್ಸ್ ಶುರು ಮಾಡಿ, ಅದರೊಳಗೆ ಬಿಲ್ಡ್ ಹಾಕಿ. ಕಂಟ್ರೋಲ್ ಮತ್ತು ಬಿ ಒತ್ತಿ, ಬಿಟ್ಟು, ಡಿ ಒತ್ತಿದ್ರೆ ಹೊರಗೆ ಬರ್ತೀರಿ. ಕರೆಂಟ್ ಹೋದ್ರೆ ಅದೂ ಬೇಕಿಲ್ಲ, ಅದೇ ಹೊರಗೆ ಹಾಕುತ್ತೆ. ಆಮೇಲೆ ಯಾವಾಗಲಾದ್ರೂ, ಯಾವ ಮಷೀನಿಂದಾದ್ರೂ ಲಾಗಿನ್ ಆಗಿ ಟೀಮಕ್ಸ್ ಅಟ್ಯಾಚ್ ಅಂದ್ರೆ ಬಿಲ್ಡ್ ಎಲ್ಲಿಗೆ ಬಂದಿದೆಯೋ ಅಲ್ಲೇ ಕಾಣುತ್ತೆ. ಯಾಕಂದ್ರೆ ಬಿಲ್ಡ್ ಇರೋದು ಟೀಮಕ್ಸ್‌ನ ಸ್ವಂತ ಟರ್ಮಿನಲ್ಲಿನಲ್ಲಿ, ನೀವು ನೋಡ್ತಿರೋದು ಬರೀ ಕಿಟಕಿ. ಕುರುಗೋಡಿನ ದೊಡ್ಡ ಬಸವಣ್ಣ ಇದಾನಲ್ಲ, ಹಾಗೆ. ಅವನು ಕೂತಲ್ಲೇ ಕೂತಿರ್ತಾನೆ, ನಾವು ಹೋಗಿ ನೋಡ್ಕೊಂಡು ಬರ್ತೀವಿ. ನಾವು ಬಂದ್ವಿ ಅಂತ ಅವನೇನು ಎದ್ದು ಹೋಗಲ್ಲ!

ಈಗ ಎದುರು ವಾದಗಳು. "ಇನ್ವರ್ಟರ್ ಹಾಕಿಸ್ಕೊಳ್ಳಿ" ಅಂತಾರೆ. ಹಾಕಿಸ್ಕೊಂಡಿದೀವಿ ಸಾರ್. ಆದ್ರೆ ನಮ್ಮ ಇನ್ವರ್ಟರ್ ನಮ್ಮ ರೂಟರ್‌ನ ಕಾಯುತ್ತೆ, ಓಣಿ ತುದಿಯ ನೆಟ್ ಡಬ್ಬಿಯನ್ನಲ್ಲ. "ಬಿಲ್ಡ್‌ಗೆಲ್ಲ ಜೆಂಕಿನ್ಸ್ ಇದೆಯಲ್ಲ" ಅಂತಾರೆ. ಇದ್ದ ಕಡೆ ಬಹಳ ಒಳ್ಳೇದು. ಆದ್ರೆ ಜೆಂಕಿನ್ಸ್ ಮಾಡೋದೇನು? ಮನುಷ್ಯನ ಕನೆಕ್ಷನ್‌ಗೆ ಕೆಲಸವನ್ನ ಕಟ್ಟಿಹಾಕದೆ ಓಡಿಸೋದು. ನಾನು ಹೇಳ್ತಿರೋದೂ ಅದನ್ನೇ, ಒಂದು ರೂಪಾಯಿ ಖರ್ಚಿಲ್ಲದೆ.

ಮೂರನೇ ವಾದ ಸರ್ವರ್ ನೋಡ್ಕೊಳ್ಳೋ ಅಡ್ಮಿನ್‌ಗಳದು: "ಲಾಗೌಟ್ ಆದ ಮೇಲೆ ಏನೂ ಓಡಬಾರದು, ಅದು ಪಾಲಿಸಿ." ಇದರಲ್ಲಿ ಸ್ವಲ್ಪ ನ್ಯಾಯ ಇದೆ. ಜನ ಏನೇನೋ ಓಡಿಸಿ ಮರೆತು ಹೋಗ್ತಾರೆ, ಮೆಮೊರಿ ತುಂಬುತ್ತೆ, ಬೈಗುಳ ಅಡ್ಮಿನ್‌ಗೆ. 2016ರ ಮೇನಲ್ಲಿ ಸಿಸ್ಟಮ್‌ಡಿ 230 ಬಂದಾಗ ಲಾಗೌಟ್ ಆದವರ ಪ್ರೋಗ್ರಾಂಗಳನ್ನೆಲ್ಲ ಕೊಲ್ಲೋದನ್ನೇ ಡೀಫಾಲ್ಟ್ ಮಾಡಿದ್ರು. ಸ್ಕ್ರೀನ್, ಟೀಮಕ್ಸ್ ಕೂಡ ಸತ್ವು. ದೊಡ್ಡ ಗಲಾಟೆ ಆಯ್ತು, ಡೆಬಿಯನ್‌ನವರು ಅದನ್ನ ತಮ್ಮಲ್ಲಿ ಆಫ್ ಮಾಡಿದ್ರು. ಮರೆತು ಹೋದ ಪ್ರೋಗ್ರಾಂ ತೊಂದರೆಗೆ ಬೇರೆ ದಾರಿ ಇದೆ: ಒಬ್ಬೊಬ್ಬರಿಗೆ ಇಷ್ಟೇ ಮೆಮೊರಿ, ಇಷ್ಟೇ ಕೋರ್ ಅಂತ ಮಿತಿ ಹಾಕಿ. ಸಿಸ್ಟಮ್‌ಡಿಯಲ್ಲೇ 'ಲಿಂಗರ್' ಅನ್ನೋ ಅನುಮತಿ ಇದೆ, ಬಿಲ್ಡ್ ಮಾಡೋರಿಗೆ ಅದನ್ನ ಕೊಟ್ಟು ಹೇಗೆ ಬಳಸಬೇಕು ಅಂತ ಎರಡು ಸಾಲು ಬರೆದು ಕಳಿಸಿ. ಒಬ್ಬ ನಲ್ಲಿ ನಿಲ್ಲಿಸದೆ ಹೋದ ಅಂತ ಓಣಿಗೇ ನೀರು ಬಂದ್ ಮಾಡೋದು ಆಡಳಿತ ಅಲ್ಲ.

ಟೀಮಕ್ಸ್ ಏನು ಸಂಜೀವಿನಿ ಅಲ್ಲ. ಸರ್ವರ್ ರೀಬೂಟ್ ಆದ್ರೆ ಅದೂ ಹೋಗುತ್ತೆ. ಆಗ ಕಾಯೋದು ಮೇಕ್ ಮತ್ತು ಸಿಕ್ಯಾಶ್ ತರದವು. ಆಗಲೇ ಕಂಪೈಲ್ ಆದ ಫೈಲುಗಳು ಡಿಸ್ಕ್ ಮೇಲೆ ಇರ್ತವೆ, ಉಳಿದದ್ದನ್ನ ಮಾತ್ರ ಮುಂದುವರಿಸಬಹುದು. ಪ್ರತೀ ಸಲ ಎಲ್ಲ ಅಳಿಸಿ ಮೊದಲಿಂದ ಶುರು ಮಾಡೋ ಬಿಲ್ಡ್ ಸ್ಕ್ರಿಪ್ಟ್ ಬರೆಯೋರಿಗೂ ನನ್ನ ಒಂದು ನಮಸ್ಕಾರ.

ಇದೆಲ್ಲ ಹೊಸ ವಿದ್ಯೆ ಅಂತ ದಯವಿಟ್ಟು ಹೇಳಬೇಡಿ. ವಿಟಿಯು 2010ರ ಸ್ಕೀಮ್‌ನಲ್ಲಿ 'ಯುನಿಕ್ಸ್ ಅಂಡ್ ಶೆಲ್ ಪ್ರೋಗ್ರಾಮಿಂಗ್' ಅಂತ ಒಂದು ಪೇಪರೇ ಇತ್ತು. ಸುಮಿತಾಭ ದಾಸ್ ಅವರ ಪುಸ್ತಕ ಎಷ್ಟು ಜನರ ಕಪಾಟಿನಲ್ಲಿ ಧೂಳು ತಿಂತಿದೆ. ನೋಹಪ್ ಆ ಪುಸ್ತಕದಲ್ಲಿದೆ. ಅದನ್ನ ಓದಿ ಪಾಸಾದವರೇ ಇವತ್ತು ಮ್ಯಾನೇಜರ್‌ಗಳು. ಪರೀಕ್ಷೆ ಮುಗಿದ ಮೇಲೆ ಮರೆತ್ರು, ಆಮೇಲೆ ತಪ್ಪನ್ನ ನಮ್ಮೂರಿನ ತಲೆಗೆ ಕಟ್ಟಿದ್ರು.

ಊರಿನ ಮಾತು ಬಂತಲ್ಲ, ಒಂದು ಹೇಳಿ ಮುಗಿಸ್ತೀನಿ. ಬಳ್ಳಾರಿ ಪಕ್ಕದ ಕುಡುತಿನಿಯಲ್ಲಿ 1700 ಮೆಗಾವಾಟಿನ ಶಾಖೋತ್ಪನ್ನ ಕೇಂದ್ರ ಇದೆ. ಹೊಗೆ, ಬೂದಿ ನಮ್ಮ ಜಿಲ್ಲೆಗೆ, ಕರೆಂಟ್ ಇಡೀ ರಾಜ್ಯಕ್ಕೆ. ಅದಿರು ನಮ್ಮಿಂದ ಹೋಯ್ತು, ಕರೆಂಟ್ ನಮ್ಮಿಂದ ಹೋಗುತ್ತೆ, ಈಗ ಮಕ್ಕಳೂ ಹೋಗಬೇಕು, ಯಾಕಂದ್ರೆ "ನಿಮ್ಮೂರಲ್ಲಿ ಕರೆಂಟ್ ಇಲ್ಲ"! ಈ ಮಾತು ಹೇಳೋರಿಗೆ ಕುಡುತಿನಿ ಚಿಮಣಿ ತೋರಿಸ್ಬೇಕು ಅನ್ಸುತ್ತೆ.

ತಂಗಿಗೆ ಟೀಮಕ್ಸ್ ಹೇಳಿಕೊಟ್ಟಿದೀನಿ. ಆಮೇಲೆ ಕರೆಂಟ್ ಹೋದದ್ದಕ್ಕೆ ಅವಳ ಒಂದು ಬಿಲ್ಡೂ ಸತ್ತಿಲ್ಲ. ಬೆಂಗಳೂರಿಗೆ ಬಾ ಅನ್ನೋ ಪತ್ರ ಮಾತ್ರ ಇನ್ನೂ ವಾಪಸ್ ಆಗಿಲ್ಲ. ಕಾರಣ ಹೋದ ಮೇಲೂ ಶಿಕ್ಷೆ ಉಳಿದಿದೆ.

ನೀವು ಟೀಮ್ ಲೀಡ್ ಆಗಿದ್ರೆ ನನ್ನದೊಂದು ಬೇಡಿಕೆ. ಹೊಸದಾಗಿ ಸೇರಿದವರಿಗೆ ಪಾಸ್‌ವರ್ಡ್ ಕೊಡೋ ದಿನವೇ ಟೀಮಕ್ಸ್ ಕೂಡ ಹೇಳಿಕೊಡಿ. ಸರ್ವರ್‌ನಲ್ಲಿ ಅದು ಇಲ್ಲದಿದ್ರೆ ಹಾಕಿಸಿ. ಇನ್ನು ಯಾರಿಗಾದ್ರೂ "ಊರು ಬಿಟ್ಟು ಬಾ" ಅಂತ ಬರೆಯೋ ಮೊದಲು ಒಂದೇ ಪ್ರಶ್ನೆ ಕೇಳಿ: "ಬಿಲ್ಡ್ ಎಲ್ಲಿ ಓಡಿಸ್ತಿದೀರಿ, ಟೀಮಕ್ಸ್ ಒಳಗಾ, ಹೊರಗಾ?"

ಏನಂತೀರಿ?